ಹನ್ನೊಂದು ಎಂಬಿ

ಬಾರ್ತಂಗ್ ಕಣಿವೆಯಿಂದ ಸುದ್ದಿ ಬಂತು,
ಅದೂ ಮೂರು ವಾರ ಹಳೆಯದು.
ಜೀಪಿನಲ್ಲಿ ಇಳಿದು, ಖೋರೋಗ್‌ನಲ್ಲಿ ಸಿಗ್ನಲ್ ಕಂಡು,
ತಾರ್ತುವಿನ ನನ್ನ ಅಡುಗೆಮನೆಯ ಮೇಜಿಗೆ:
"ಹೆಲ್ವಿ ಅವರೇ, ನಿಮ್ಮ ಪ್ರಶ್ನೆಚಿಹ್ನೆ ಒತ್ತಿದೆ.
ಬಿಳಿ ಪುಟ ಬಂತು.
ಇಲ್ಲಿ ಬಿಳಿಗೇನೂ ಕೊರತೆಯಿಲ್ಲ."

ಬರೆದವನು ಕಿಮತ್‌ಶೋ.
ಹಿಮನದಿಯ ಕೆಳಗೊಂದು ಕೆರೆ, ಅದರ ಮಟ್ಟ ಅಳೆಯುವವನು.
ಕೆರೆ ಕಟ್ಟೆಯೊಡೆದರೆ ಕೆಳಗೆ ಏಳು ಹಳ್ಳಿ.
ನಕ್ಷೆಯ ತಂತ್ರಾಂಶಕ್ಕೆ ನಾನು ಹೊಲಿದ ಒಂದು ಜೇಬು,
ಎಕ್ಸ್‌ಟೆನ್ಷನ್ ಅನ್ನುತ್ತಾರೆ,
ಅವನ ಅಳತೆಗಳನ್ನು ನೀಲಿ ಗೆರೆಯಾಗಿ ಬಿಡಿಸುತ್ತದೆ.

ದೊಡ್ಡ ತಂತ್ರಾಂಶದ ಕೈಪಿಡಿ ಅವನ ಡಿಸ್ಕಿನಲ್ಲೇ ಇದೆ,
ಎರಡು ಸಾವಿರ ಪುಟ, ಸುಖವಾಗಿ ಗೋಡೆಗೊರಗಿ ಕೂತಿದೆ.
ನಮ್ಮಂಥ ಜೇಬುಗಳದ್ದು ಮಾತ್ರ ಹೊಸ್ತಿಲಾಚೆ.
ಒತ್ತಿದರೆ ಕೈಮರ:
ಅಲ್ಲಿದೆ ಹೋಗಿ, ಮೋಡದಾಚೆ.
ಕೈಮರಕ್ಕೇನು, ತಾನು ನಡೆಯಬೇಕಾಗಿಲ್ಲ.

ಆ ಸಂಜೆ ರೂಟರಿನ ತಂತಿ ಕಿತ್ತೆ.
ಹಸಿರು ದೀಪ ಆರಿತು. ಹೊರಗೆ ಎಮಾಯೇಗಿ ನದಿಯ ಮೇಲೆ
ಯಾರೋ ಇನ್ನೂ ಮಂಜುಗಡ್ಡೆಯ ತೂತಿನ ಪಕ್ಕ ಸ್ಟೂಲು ಹಾಕಿ ಕೂತಿದ್ದ.
ನನ್ನವೇ ಪುಟಗಳನ್ನು ನಾನು ತೆರೆದೆ
ಪರದೇಶಿಯ ಹಾಗೆ.

ಮನೆ ಅಂದುಕೊಂಡದ್ದು ಪೂರಾ ಕೈಗಡ!
ಅಕ್ಷರದ ಆಕಾರ ಯಾರದೋ ಅಂಗಡಿಯದು,
ಚಿತ್ರಗಳು ಇನ್ಯಾರದೋ ಉಗ್ರಾಣದವು,
ಹುಡುಕುವ ಪೆಟ್ಟಿಗೆ ಹುಡುಕಲೂ ಅಪ್ಪಣೆ ಕೇಳುತ್ತದೆ
ಯಾವುದೋ ಖಂಡದ ಯಂತ್ರವನ್ನು.
ನಲವತ್ತಮೂರು ಕೊಂಡಿ,
ನಲವತ್ತಮೂರೂ ಕಿಟಕಿಯಾಚೆ ನೋಡುತ್ತಿವೆ.

ಒಂದೊಂದನ್ನೇ ಕರೆದು ಒಳಗೆ ಕೂರಿಸಿದೆ.
ಬುತ್ತಿ ಕಟ್ಟುವುದೆಂದರೆ ಹೀಗೆ:
ಉಪ್ಪು ಅಲ್ಲೇ ಸಿಕ್ಕೀತು ಎಂದುಕೊಳ್ಳುವಂತಿಲ್ಲ.

ಒಂದು ವಿಡಿಯೋ ಮಾತ್ರ ಬುತ್ತಿಗೆ ಹಿಡಿಸಲಿಲ್ಲ.
ನಾಲ್ಕು ನಿಮಿಷ, ನನ್ನ ಕೆಮ್ಮು ಸಮೇತ.
ಅದನ್ನು ಮಾತಾಗಿ ಬರೆಯಲು ಒಂಬತ್ತು ದಿನ.
"ಈ ಮಣಿಯನ್ನು ಎಳೆಯಿರಿ." ಯಾವ ಮಣಿ?
"ಹೀಗೆ" ಅನ್ನುವಾಗ ಬೆರಳು ತೋರಿಸಿದ್ದೆ;
ಬರಹಕ್ಕೆ ಬೆರಳಿಲ್ಲ.
ಕಡೆಗೆ ಬರೆದೆ: ನೀಲಿಯು ದಡವನ್ನು
ಮುಟ್ಟಿತೋ ಇಲ್ಲವೋ ಎಂಬಲ್ಲಿ ನಿಲ್ಲಿಸಿ.

ಜಿಪ್ ಮಾಡಿದರೆ ಹನ್ನೊಂದು ಎಂಬಿ.
ಎಕ್ಸ್‌ಟೆನ್ಷನ್ನಿನ ಹೊಟ್ಟೆಯೊಳಗೇ ಇಟ್ಟೆ,
ಎರಡೂ ಒಟ್ಟಿಗೇ ಇಳಿಯಲಿ, ಒಟ್ಟಿಗೇ ಹಳೆಯವಾಗಲಿ.
ಖೋರೋಗ್‌ನಲ್ಲಿ ಒಂದು ಪೆನ್‌ಡ್ರೈವ್
ಹಿಟ್ಟಿನ ಮೂಟೆ, ಬ್ಯಾಟರಿ, ಒಬ್ಬ ಸೂಲಗಿತ್ತಿಯ ಜೊತೆ
ಜೀಪು ಹತ್ತಿತು.

ಆಮೇಲೆ ಶುರುವಾಯಿತು ನಿದ್ದೆಗೇಡು.
ನೆಟ್ಟಿನಲ್ಲಿದ್ದರೆ ನಡುರಾತ್ರಿ ಎದ್ದು ತಪ್ಪು ತಿದ್ದಬಹುದು,
ಬೆಳಗಿಗೆ ಯಾರಿಗೂ ಗೊತ್ತಾಗದು.
ಇದು ಹಾಗಲ್ಲ.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಒಂಬತ್ತನೇ ಪುಟದಲ್ಲಿ ಮೀಟರ್ ಎಂದೆನೋ, ಸೆಂಟಿಮೀಟರ್ ಎಂದೆನೋ?
ತೆರೆದು ನೋಡಿದೆ. ಸರಿಯಿತ್ತು.
ಮೂರು ಗಂಟೆಗೆ ಮತ್ತೆ ತೆರೆದು ನೋಡಿದೆ.

ತಪ್ಪು ಇದ್ದದ್ದು ಹದಿನೇಳರಲ್ಲಿ.

ಜೂನಿನಲ್ಲಿ ಒಂದು ಫೋಟೋ ಬಂತು:
ಮುದ್ರಿಸಿದ ಹಾಳೆ, ಉಪ್ಪುಹಾಲಿನ ಚಹಾದ ಉಂಗುರ,
ಅಂಚಿನಲ್ಲಿ ಪೆನ್ಸಿಲ್ಲಿನ ರಷ್ಯನ್:
"ಸೊನ್ನೆ ಬಂದರೆ ಯಂತ್ರ ಕೆಟ್ಟಿದೆ ಎಂದಿದ್ದೀರಿ.
ಕೆಟ್ಟಿಲ್ಲ. ಸೆನ್ಸರಿಗೆ ಹಿಮ ಕಟ್ಟಿದೆ.
ಬಿಸಿನೀರು ಹಾಕಬೇಡಿ, ಬಿರಿಯುತ್ತದೆ.
ಅಂಗೈಯಲ್ಲಿ ಹಿಡಿದುಕೊಳ್ಳಿ,
ಒಂದು ಚಹಾ ಆರುವಷ್ಟು ಹೊತ್ತು."

ಅವನ ಹೆಸರಿನಲ್ಲಿರುವುದು ಕಿಮ್ಮತ್ತೇ ಅಂತೆ.
ಹೊಸ ಆವೃತ್ತಿಯಲ್ಲಿ ಆ ಸಾಲುಗಳು ಹಾಗೇ ಇವೆ,
ಒಂದಕ್ಷರ ಮುಟ್ಟಿಲ್ಲ. ಅಳತೆಯೂ ಚಹಾವೇ.
ಪ್ರತಿ ಪುಟದ ಕೆಳಗೆ ಈಗ ತಾರೀಖು ಹಾಕುತ್ತೇನೆ:
ಇದು ಇಂಥ ದಿನದವರೆಗೆ ನಿಜ.
ಅಂಚು ಅಗಲ ಬಿಡುತ್ತೇನೆ, ಪೆನ್ಸಿಲ್ಲಿಗೆ.
ಎಂಬಿ ಹನ್ನೊಂದೇ ಉಳಿದಿದೆ.

ಬಿಡುಗಡೆಗೆ ಮುಂಚೆ ಪ್ರತಿಸಲ ತಂತಿ ಕೀಳುತ್ತೇನೆ.
ಪಕ್ಕದ ಕೋಣೆಯಿಂದ ತಾನೆಲ್ ಕೂಗುತ್ತಾನೆ:
ಅಮ್ಮಾ, ನೆಟ್ ಹೋಯ್ತು!
ಹೋಗಲಿ ಬಿಡೋ, ಎನ್ನುತ್ತೇನೆ,
ಒಂದು ಚಹಾ ಆರುವಷ್ಟು ಹೊತ್ತು.